ಗುಬ್ಬಿಯ ಗಂಟು

ಪಂಪಿನ ಪಟ್ಟಿಗೆ ಗುಬ್ಬಿ ಹಾಕಿದ್ದ ಗಂಟು ಹಾಗೆಯೇ ಇತ್ತು. ಗುಬ್ಬಿ ಇರಲಿಲ್ಲ.

ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಪಂಪು ಅದು. ನೀಲಿ ಡಬ್ಬ, ಎಡಗೈಯಲ್ಲಿ ಒತ್ತುವ ಹಿಡಿ, ಬಲಗೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ಹಿತ್ತಾಳೆಯ ಮೂತಿ. ಅದನ್ನು ಮಾಡಿದವರು ಅಗಲ ಭುಜದ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದರು. ಹೊತ್ತವರು ಹೆಂಗಸರು. ಗುಬ್ಬಿಗೆ ಆ ಹೆಸರು ಬಂದದ್ದೇ ಅವಳ ಗಾತ್ರದಿಂದ. ಅವಳು ಪಂಪು ಹೊತ್ತು ಬದುವಿನ ಮೇಲೆ ಹೋಗುತ್ತಿದ್ದರೆ ಡಬ್ಬಕ್ಕೇ ಕಾಲು ಬಂದಂತೆ ಕಾಣುತ್ತಿತ್ತು. ಪಟ್ಟಿ ಭುಜದಿಂದ ಜಾರುತ್ತದೆಂದು ಸಾಲಾಗಿ ಗಂಟು ಹಾಕಿ ಗಿಡ್ಡ ಮಾಡಿಕೊಂಡಿದ್ದಳು. ಡಬ್ಬದ ಬಾಯಿಂದ ಸೋರಿದ ಔಷಧಿ ಕುಡಿದು ಕುಡಿದು ಆ ಗಂಟುಗಳು ಕಲ್ಲಾಗಿದ್ದವು.

"ಕೋಸಿಗೆ ಹುಳ ಬಿದ್ದಿದೆ," ಎಂದಳು ಅತ್ತೆ, ಹೊಲದಿಂದ ಬಂದು ಕಾಲು ತೊಳೆಯುತ್ತ. "ಎಲೆ ಎಲ್ಲ ಜರಡಿ ಆಗಿದೆ. ಪಂಪು ಇಳಿಸ್ರಿ."

"ಯಾರು ಹೊರೋದು?" ಎಂದಳು ಹಿರಿಯ ಸೊಸೆ. ಮನೆಯಲ್ಲೂ ಹೊಲದಲ್ಲೂ ಅವಳನ್ನು ಎಲ್ಲರೂ ದೊಡ್ಡವಳು ಎನ್ನುತ್ತಿದ್ದರು. ಗುಬ್ಬಿ ಕಿರಿಯ ಸೊಸೆ, ಅವಳ ವಾರಗಿತ್ತಿ.

"ನಿನ್ನ ಭುಜಕ್ಕೆ ಆ ಪಟ್ಟಿ ಹಿಡಿಯಲ್ಲ. ನಿನ್ನ ಮಗಳಿದ್ದಾಳಲ್ಲ. ಅವಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ."

ಮಗಳು ಒಲೆಯ ಮುಂದೆ ಕೂತಿದ್ದಳು. ಹಿಂದಿನ ವರ್ಷವಷ್ಟೇ ಶಾಲೆ ಮುಗಿಸಿದ ಹುಡುಗಿ. ತಲೆ ಎತ್ತಲಿಲ್ಲ. ಕಿವಿ ಮಾತ್ರ ಇತ್ತ ಇತ್ತು.

ಅಂಗಳದಲ್ಲಿ ಮೈದುನ ಬೈಕು ತೊಳೆಯುತ್ತಿದ್ದ. ಗುಬ್ಬಿಯ ಗಂಡ. ಕೈಗೆ ಮೊಣಕೈವರೆಗಿನ ಹಸಿರು ರಬ್ಬರಿನ ಗವಸು. ಹಣೆಯ ಮೇಲೆ ಏರಿಸಿಟ್ಟ ದಪ್ಪ ಗಾಜಿನ ಕನ್ನಡಕ. ಬೈಕಿನ ಸೀಟಿಗೆ ಮಳೆ ತಾಗದಂತೆ ರಬ್ಬರಿನ ಮೇಲಂಗಿಯನ್ನು ಕತ್ತರಿಸಿ ಹೊದಿಸಿದ್ದ. ಮೂರನ್ನೂ ಕೃಷಿ ಕಚೇರಿಯವರು ಕೊಟ್ಟಿದ್ದರು. ಔಷಧಿ ಹೊಡೆಯುವಾಗ ಹಾಕಿಕೊಳ್ಳಲೆಂದು. ತರಬೇತಿಗೆ ಹೋದ ಪ್ರತಿ ರೈತನಿಗೂ ಒಂದೊಂದು ಕಿಟ್ಟು. ತರಬೇತಿಗೆ ಹೋದವನು ಮೈದುನ. ಔಷಧಿ ಹೊಡೆದವಳು ಗುಬ್ಬಿ. ಕಿಟ್ಟು ಹಾಕಿಕೊಂಡದ್ದು ಬೈಕು.

"ಈ ಒಂದು ಸಲ ಹುಡುಗಿ ಹೊರಲಿ ಅತ್ತಿಗೆ," ಎಂದ ಅವನು. "ಆಮೇಲೆ ನಾನೇ ಏನಾದ್ರೂ ವ್ಯವಸ್ಥೆ ಮಾಡ್ತೀನಿ."

ದೊಡ್ಡವಳು ಅವನ ಗವಸು ನೋಡಿದಳು. ತನ್ನ ಕೈ ನೋಡಿಕೊಂಡಳು. ಔಷಧಿ ಕಲಸುವುದು ಅವಳ ಕೆಲಸ. ಬಕೆಟ್ಟಿನಲ್ಲಿ ನೀರು, ನೀರಿಗೆ ಔಷಧಿ, ಮೊಣಕೈವರೆಗೆ ಕೈ ಇಳಿಸಿ ತಿರುಗಿಸುವುದು. ನೀರು ಹಾಲಿನಂತೆ ಬೆಳ್ಳಗಾದರೆ ಬೆರೆತಿದೆ ಎಂದು ಅರ್ಥ. ಅವಳ ಉಗುರು ಹಳದಿಯಾಗಿ ಎಷ್ಟೋ ವರ್ಷವಾಗಿತ್ತು. ಬೆರಳ ಸಂದಿಯ ಚರ್ಮ ಕೋಸಿನ ಹೊರ ಎಲೆಯಂತೆ ಸುಲಿಯುತ್ತಿತ್ತು. ಯಾರಾದರೂ ಕೇಳಿದರೆ "ನೀರಿನ ಗುಣ" ಎನ್ನುತ್ತಿದ್ದಳು. ಅವಳಿಗೆ ಯಾರೂ ಬೇರೆ ಏನೂ ಹೇಳಿರಲಿಲ್ಲ.

ಗುಬ್ಬಿ ಸತ್ತದ್ದು ಹೀಗೆ.

ಬಿಸಿಲು ನೆತ್ತಿಗೇರಿತ್ತು. ಗಾಳಿ ಎದುರಿಗಿತ್ತು. ಗುಬ್ಬಿ ಸಾಲು ಹಿಡಿದು ಹೊಡೆಯುತ್ತಿದ್ದಳು. ಹೊಡೆದದ್ದರಲ್ಲಿ ಅರ್ಧ ಕೋಸಿಗೆ, ಅರ್ಧ ಅವಳ ಮುಖಕ್ಕೆ. ಬೆನ್ನ ಮೇಲಿನ ಡಬ್ಬ ಸೋರಿ, ಮೇಲೆ ತೊಟ್ಟಿದ್ದ ಗಂಡನ ಹಳೆಯ ಅಂಗಿ ಮೈಗೆ ಅಂಟಿತ್ತು. ನಡುವೆ ಮೂತಿ ಕಟ್ಟಿಕೊಂಡಿತು. ಎಲ್ಲ ಹೆಂಗಸರೂ ಮಾಡುವುದನ್ನೇ ಅವಳೂ ಮಾಡಿದಳು. ಮೂತಿ ಬಿಚ್ಚಿ ಬಾಯಿಗಿಟ್ಟು ಊದಿದಳು. ಉಗಿದಳು.

"ಕಹಿ ಅಕ್ಕ," ಎಂದು ನಕ್ಕಳು. "ಅತ್ತೆ ಮಾತಿಗಿಂತ ಕಮ್ಮಿ."

ಆ ಸಾಲು ಮುಗಿಯಲಿಲ್ಲ. ಬದುವಿಗೆ ಬಂದು ಕೂತಳು. ಕಣ್ಣು ಮಂಜು ಅಂದಳು. ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ಮೈ ನಡುಗಿತು. ಚಳಿ ಅಕ್ಕ, ಚಳಿ ಅಂದಳು. ದೊಡ್ಡವಳು ಓಡಿಹೋಗಿ ಮೋಟಾರು ಮನೆಯಲ್ಲಿದ್ದ ಕಂಬಳಿ ತಂದಳು. ಒದ್ದೆ ಅಂಗಿಯ ಮೇಲೆಯೇ ಹೊದಿಸಿದಳು. ಗಾಳಿ ನುಸುಳದಂತೆ ಸುತ್ತಿದಳು. ಎದೆಗೆ ಅವಚಿಕೊಂಡು ಕೂತಳು. ಚಳಿ ಎನ್ನುವವರಿಗೆ ಹೊದಿಸಬೇಕು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಒಂದೇ. "ಯಾವ ಔಷಧಿ?"

"ಕೆಂಪು ಮುಚ್ಚಳದ್ದು."

"ಹೆಸರು ಹೇಳಮ್ಮ. ಅಂಗಡೀಲಿರೋದೆಲ್ಲ ಕೆಂಪು ಮುಚ್ಚಳದ್ದೇ."

"ಮೈದುನ ತರ್ತಾನೆ. ನಾವು ಮುಚ್ಚಳ ನೋಡಿ ಗುರುತಿಟ್ಕೊಳ್ಳೋದು."

ನರ್ಸು ಕಂಬಳಿ ಬಿಚ್ಚಿದಳು. ವಾಸನೆಗೆ ಅವಳೇ ಒಂದು ಹೆಜ್ಜೆ ಹಿಂದೆ ಸರಿದಳು. ಕತ್ತರಿ ತಂದು ಅಂಗಿ ಕತ್ತರಿಸಿದಳು. ಕತ್ತರಿಸುತ್ತಲೇ ಬೈದಳು. "ಯಾರ್ರೀ ಹೊದಿಸಿದ್ದು? ವಿಷ ಮೈಯೊಳಗೆ ಇಳೀಲಿ ಅಂತ ಸುತ್ತಿದ ಹಾಗಿದೆ. ಮೊದಲು ಬಟ್ಟೆ ತೆಗೆದು ಸೋಪು ಹಾಕಿ ತೊಳೀಬೇಕಲ್ವಾ? ಬಾಟ್ಲಿ ತರಬೇಕಲ್ವಾ? ಟ್ರೈನಿಂಗ್‌ನಲ್ಲಿ ಇದನ್ನೆಲ್ಲ ಹೇಳಿರ್ತಾರಲ್ಲ, ಕೇಳಿಸ್ಕೊಳ್ಳೋದಕ್ಕೇನು ನಿಮಗೆ?"

ಬೆಳಗಾಗುವ ಹೊತ್ತಿಗೆ ಗುಬ್ಬಿ ಹೋಗಿದ್ದಳು.

ಮಣ್ಣು ಮಾಡಿ ಬಂದ ಮೇಲೆ ದೊಡ್ಡವಳು ಮೈದುನನ ಎದುರು ಕೂತಳು. ಅವನು ಅಳುತ್ತಿದ್ದ. ಸುಳ್ಳು ಅಳು ಅಲ್ಲ.

"ಟ್ರೈನಿಂಗ್‌ನಲ್ಲಿ ಹೇಳಿದ್ರಾ?"

"ಹೇಳಿದ್ರು."

"ಏನು ಹೇಳಿದ್ರು?"

"ಏನೇನೋ ಹೇಳಿದ್ರು ಅತ್ತಿಗೆ. ನೆನಪಿಲ್ಲ." ಏನಾದರೂ ಹೇಳಲೇಬೇಕೆಂಬಂತೆ ಸೇರಿಸಿದ: "ಊಟ ಚೆನ್ನಾಗಿತ್ತು."

ಇದಾದ ಮೇಲೆ ಅತ್ತೆ ಪಂಪು ಇಳಿಸ್ರಿ ಎಂದದ್ದು. ಪಟ್ಟಿ ಹುಡುಗಿಯ ಅಳತೆಗಿದೆ ಎಂದದ್ದು.

ದೊಡ್ಡವಳು ಪಂಪನ್ನು ಇಳಿಸಲಿಲ್ಲ. ಮುಖ ತೊಳೆದು ಕೃಷಿ ಕಚೇರಿಗೆ ನಡೆದಳು.

ಕೃಷಿ ಕಚೇರಿಯ ಅಧಿಕಾರಿಗೆ ಹೆಂಗಸರು ಇಟ್ಟಿದ್ದ ಹೆಸರು ಬದು ಸಾಹೇಬ. ಅವನು ಹೊಲ ನೋಡಲು ಬರುತ್ತಿದ್ದ. ಆದರೆ ಬದು ಬಿಟ್ಟು ಕೆಳಗಿಳಿದವನಲ್ಲ. ಬದುವಿನ ಮೇಲೆ ನಿಂತು, ಸಾಲಿನಲ್ಲಿ ಬಗ್ಗಿದ್ದ ಹೆಂಗಸರ ತಲೆಯ ಮೇಲಿಂದ ಆಚೆ ಬದುವಿನಲ್ಲಿದ್ದ ಗಂಡಸಿಗೆ ಕೂಗಿ ಹೇಳುತ್ತಿದ್ದ. ಮಾತು ಹೆಂಗಸರ ತಲೆಯ ಮೇಲೆ ಕಾಗೆಯಂತೆ ಹಾರಿಹೋಗುತ್ತಿತ್ತು. ಗಾಳಿಗೆ ಅರ್ಧ, ಗಂಡಸಿನ ಮರೆವಿಗೆ ಅರ್ಧ.

ಮೇಜಿನ ಎದುರು ಎರಡು ಕುರ್ಚಿ ಖಾಲಿ ಇದ್ದವು. ಅವನು ಕೂರು ಎನ್ನಲಿಲ್ಲ.

"ಸಾರ್, ಔಷಧಿ ಹೊಡೆಯೋದು ಹೇಗೆ ಅಂತ ಹೇಳಿಕೊಡಿ. ಮಗಳು ಹೊಡೀಬೇಕಂತೆ."

"ನಿನ್ನ ಯಜಮಾನ್ರು?"

"ಲಾರಿ ಓಡಿಸ್ತಾರೆ. ಊರಲ್ಲಿಲ್ಲ."

"ಜಮೀನು ಯಾರ ಹೆಸರಲ್ಲಿದೆ?"

"ಮೈದುನನ ಹೆಸರಲ್ಲಿ."

"ಅವನಿಗೆ ಹೇಳಿದ್ದೀವಲ್ಲ. ಅವನನ್ನೇ ಕೇಳು."

"ಅವನಿಗೆ ನೆನಪಿಲ್ವಂತೆ."

"ಅದಕ್ಕೆ ನಾನೇನು ಮಾಡ್ಲಮ್ಮ? ರೈತರಿಗೆ ಹೇಳೋದು ನನ್ನ ಕೆಲಸ. ಮನೆಮನೆಗೆ ಬಂದು ಹೆಂಗಸರಿಗೆ ಪಾಠ ಹೇಳೋಕಾಗುತ್ತಾ?"

"ಮನೆಗೆ ಬರೋದು ಬೇಡ ಸಾರ್. ನಾನೇ ಬಂದಿದ್ದೀನಲ್ಲ. ಈಗ ಹೇಳಿ. ನಿಂತ್ಕೊಂಡೇ ಕೇಳ್ತೀನಿ."

ಅವನು ಗಡಿಯಾರ ನೋಡಿದ. ಆಮೇಲೆ ದನಿ ಇಳಿಸಿದ, ಉಪಕಾರ ಮಾಡುವವನಂತೆ. "ನೋಡು, ನಿಮ್ಮ ಮನೇಲಿ ಆದದ್ದಕ್ಕೆ ನಮಗೂ ಬೇಜಾರಿದೆ. ಮೇಲಿನವರು ಕೇಳಿದ್ರು. ಅಜಾಗರೂಕತೆಯಿಂದ ಆದ ಸಾವು ಅಂತ ಬರೆದು ಕಳಿಸಿದ್ದೀನಿ."

"ಅಜಾಗರೂಕತೆ ಅಂದ್ರೇನು?"

"ಹೇಳಿದ್ದನ್ನ ಕೇಳದೇ ಇರೋದು."

"ಅವಳಿಗೆ ಯಾರು ಹೇಳಿದ್ರು?"

ಬದು ಸಾಹೇಬ ಎದ್ದು ಹೋಗಿ ಫ್ಯಾನು ಜೋರು ಮಾಡಿ ಬಂದ. "ಬುಧವಾರ ಸಭಾಭವನದಲ್ಲಿ ಟ್ರೈನಿಂಗ್ ಇಟ್ಟಿದ್ದೀವಿ. ಔಷಧಿ ಸುರಕ್ಷಿತವಾಗಿ ಹೊಡೆಯೋದು ಹೇಗೆ ಅಂತ. ನಿಮ್ಮ ಮನೆ ಘಟನೆ ಆಯ್ತಲ್ಲ, ಅದಕ್ಕೇ. ದೊಡ್ಡ ಸಾಹೇಬ್ರೇ ಬರ್ತಾರೆ. ನಿನ್ನ ಮೈದುನನಿಗೆ ವೇದಿಕೆ ಮೇಲೆ ಹೊಸ ಕಿಟ್ ಕೊಡ್ತೀವಿ."

"ನನ್ನ ಒಳಗೆ ಬಿಡ್ತೀರಾ?"

"ಒಳಗೆ ರೈತರಿಗೇ ಜಾಗ ಸಾಲಲ್ಲ. ಟೀ ಹಂಚೋಕೆ ಜನ ಬೇಕು. ಬರೋದಾದ್ರೆ ಅದಕ್ಕೆ ಬಾ."

ಹೊರಗೆ ಬಂದಳು. ಅಳಲಿಲ್ಲ. ಅಳು ಆಸ್ಪತ್ರೆಯಲ್ಲೇ ಮುಗಿದಿತ್ತು.

ಸಭಾಭವನದ ಪಕ್ಕದಲ್ಲಿ ಟೀ ಅಕ್ಕನ ಗೂಡಂಗಡಿ. ಎಲ್ಲ ತರಬೇತಿಗೂ ಟೀ ಅವಳದ್ದೇ. ದೊಡ್ಡವಳು ಹೋಗಿ ಅವಳ ಹತ್ತಿರ ಬೆಂಚಿನ ಮೇಲೆ ಕೂತಳು.

"ಅಕ್ಕ, ನೀನು ಒಳಗೆ ಹೋಗ್ತೀಯಲ್ಲ. ಅವರು ಏನು ಹೇಳ್ತಾರೆ?"

"ನಾನಾ? ಇಷ್ಟು ವರ್ಷದಲ್ಲಿ ಒಂದು ಮಾತೂ ಪೂರ್ತಿ ಕೇಳಿಲ್ಲ," ಎಂದಳು ಟೀ ಅಕ್ಕ. "ನಾನು ಬಾಗಿಲಿಗೆ ಬರೋ ಹೊತ್ತಿಗೆ ಸಾಹೇಬ, 'ಎಲ್ಲಕ್ಕಿಂತ ಮುಖ್ಯವಾದ ವಿಷಯ ಏನಪ್ಪಾ ಅಂದ್ರೆ' ಅಂತಾನೆ. ನನ್ನ ನೋಡ್ತಾನೆ. 'ಅಲ್ಲಿಡಮ್ಮ' ಅಂತಾನೆ. ನಾನು ಇಟ್ಟು ಹೊರಗೆ ಬರೋವರೆಗೂ ಬಾಯಿ ಮುಚ್ಕೊಂಡಿರ್ತಾನೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಅಂದ್ರೆ 'ಅಲ್ಲಿಡಮ್ಮ'."

ದೊಡ್ಡವಳು ನಗಲಿಲ್ಲ. "ಅವನ ಬಾಯಿ ಬಿಡಿಸೋದು ಹೇಗೆ?"

"ಬೇರೆಯವರ ಕಾಲಿಗೆ ಮುಳ್ಳು ಚುಚ್ಚಿದ್ರೆ ಯಾರ ಬಾಯೂ ಬಿಡಲ್ಲ," ಎಂದಳು ಟೀ ಅಕ್ಕ, ಸ್ಟವ್‌ಗೆ ಗಾಳಿ ಒತ್ತುತ್ತ. "ಅವರವರ ಕಾಲಿಗೇ ಚುಚ್ಚಬೇಕು."

ದೊಡ್ಡವಳು ಬಹಳ ಹೊತ್ತು ಸ್ಟವ್‌ನ ಹಿಡಿಯನ್ನೇ ನೋಡುತ್ತಿದ್ದಳು. ಒತ್ತಿದಷ್ಟೂ ಉರಿ ಏರುತ್ತಿತ್ತು.

ಮನೆಗೆ ಬಂದು ಪಂಪನ್ನು ಗೋಡೆಯ ಮೊಳೆಯಿಂದ ಇಳಿಸಿದಳು. ಅತ್ತೆಗೆ ಸಮಾಧಾನವಾಯಿತು. "ಬುದ್ಧಿ ಬಂತು," ಎಂದಳು. ದೊಡ್ಡವಳು ಪಂಪನ್ನು ತೊಳೆಯುತ್ತ ಕೂತಳು. "ಹಳೇ ಔಷಧಿ ಕಟ್ಟಿಕೊಂಡಿದೆ," ಎಂದಳು, ಕೇಳಿದವರಿಗೆ. ಕೊಟ್ಟಿಗೆಯ ಗೂಡಿನಿಂದ ಕೆಂಪು ಮುಚ್ಚಳದ ಬಾಟಲಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅರ್ಧ ಉಳಿದಿತ್ತು. ಮುಚ್ಚಳ ತಿರುಗಿಸಿದಳು. ಗುಬ್ಬಿಯ ಬಾಯಿಂದ ಬಂದದ್ದು ಇದೇ ವಾಸನೆ.

ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಮ್ಮ, ನಾನು ಯಾವತ್ತು ಹೊರಬೇಕು?"

"ಬುಧವಾರ ಆಗಲಿ," ಎಂದಳು ದೊಡ್ಡವಳು. "ಹೇಳ್ತೀನಿ."

ಮರುದಿನ ಕೋಸಿನ ಸಾಲಿನಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೆ ಒಂದೇ ಮಾತು ಹೇಳಿದಳು. ಅವರೆಲ್ಲ ಒಬ್ಬೊಬ್ಬರೂ ಒಂದೊಂದು ಮನೆಯ ಪಂಪು ಹೊರುವವರು. "ಬುಧವಾರ ಸಭಾಭವನದ ಕಿಟಕಿ ಹತ್ರ ಬಂದು ನಿಲ್ಲಿ. ಮಾತಾಡಬೇಡಿ. ಕಿವಿ ತೆರೆದಿಡಿ."

"ಏನಿದೆ ಅಲ್ಲಿ?"

"ಟ್ರೈನಿಂಗ್."

ಬುಧವಾರ ಸಭಾಭವನ ತುಂಬಿತ್ತು. ಬಾಗಿಲು ಒಂದೇ, ಕಿಟಕಿ ಸಾಲು. ಕಿಟಕಿಗೆ ಸರಳು. ವೇದಿಕೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ಮೇಜು, ಹಿಂದೆ ಬಟ್ಟೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸುರಕ್ಷಿತ ಸಿಂಪಡಣೆ'. ದೊಡ್ಡ ಸಾಹೇಬರು ನಡುವೆ ಕೂತಿದ್ದರು. ಸ್ಥೂಲ ಮೈ, ಹೊಳೆಯುವ ಚರ್ಮದ ಬೆಲ್ಟು. ಪಕ್ಕದಲ್ಲಿ ಮೈದುನ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಕೆಳಗೆ ಸಾಲು ಸಾಲು ಗಂಡಸರು. ಬಾಗಿಲ ಹೊರಗೆ ಟೀ ಅಕ್ಕನ ಮೇಜು, ನೀರಿನ ಡ್ರಮ್ಮು. ಡ್ರಮ್ಮಿನ ಮೇಲೆ ಸೋಪು.

ಬದು ಸಾಹೇಬ ಮೈಕು ಹಿಡಿದ. "ನಮ್ಮ ಈ ರೈತ ಬಾಂಧವರು ಇತ್ತೀಚೆಗೆ ತುಂಬಲಾರದ ನಷ್ಟ ಅನುಭವಿಸಿದ್ದಾರೆ. ಅವರ ಮನೆಯವರ ಅಜಾಗರೂಕತೆಯಿಂದ. ಅವರಿಗೆ ಧೈರ್ಯ ತುಂಬುವ ಸಲುವಾಗಿ ಇಲಾಖೆ ವತಿಯಿಂದ ಹೊಸ ಕಿಟ್."

ದೊಡ್ಡ ಸಾಹೇಬರು ಎದ್ದು ಕಿಟ್ಟು ಕೊಟ್ಟರು. ಮೈದುನ ಎರಡೂ ಕೈಯಲ್ಲಿ ತೆಗೆದುಕೊಂಡ. ಗಂಡಸರು ಚಪ್ಪಾಳೆ ತಟ್ಟಿದರು. ಗುಬ್ಬಿ ಸತ್ತದ್ದಕ್ಕೆ ಆ ಊರು ತಟ್ಟಿದ ಚಪ್ಪಾಳೆ ಅದು.

"ಈಗ, ಎಲ್ಲಕ್ಕಿಂತ ಮುಖ್ಯವಾದ ವಿಷಯ ಏನಪ್ಪಾ ಅಂದ್ರೆ..." ಎಂದ ಬದು ಸಾಹೇಬ. ಬಾಗಿಲ ಕಡೆ ನೋಡಿದ. ಅಭ್ಯಾಸಬಲದಿಂದ ಹೇಳಿದ: "ಅಲ್ಲಿಡಮ್ಮ."

ಬಾಗಿಲಲ್ಲಿ ಟೀ ಇರಲಿಲ್ಲ. ದೊಡ್ಡವಳು ನಿಂತಿದ್ದಳು. ಬೆನ್ನ ಮೇಲೆ ನೀಲಿ ಡಬ್ಬ. ಗುಬ್ಬಿಯ ಪಟ್ಟಿ ಅವಳ ಭುಜಕ್ಕೆ ಗಿಡ್ಡವಾಗಿ ಕಂಕುಳು ಕೊಯ್ಯುತ್ತಿತ್ತು. ಔಷಧಿ ಕಲಸುವಾಗ ತೊಡುವ ಹಳೆಯ ಅಂಗಿ ತೊಟ್ಟಿದ್ದಳು. ಅದರ ವಾಸನೆ ಅವಳಿಗಿಂತ ಮೊದಲು ಒಳಗೆ ಬಂದಿತ್ತು. ಸೊಂಟಕ್ಕೆ ಕೆಂಪು ಮುಚ್ಚಳದ ಬಾಟಲಿ ಸಿಕ್ಕಿಸಿಕೊಂಡಿದ್ದಳು.

"ಏನಮ್ಮ ಇದು? ಯಾರು ಬಿಟ್ಟಿದ್ದು ಒಳಗೆ?"

ಅವಳು ಎಡಗೈಯಲ್ಲಿ ಹಿಡಿ ಒತ್ತಿದಳು. ಬಲಗೈಯಲ್ಲಿ ಕೋಲು ಎತ್ತಿದಳು.

ಬೆಳ್ಳಗಿನ ನೀರು ಮೊದಲ ಸಾಲಿನ ಮುಖಕ್ಕೆ ಬಿತ್ತು.

ಕೋಸಿನ ಸಾಲಿಗೆ ಹೊಡೆಯುವಂತೆಯೇ ಹೊಡೆದಳು. ಒಂದು ತಲೆಯೂ ಬಿಡದೆ. ಮೇಲೆ, ಕೆಳಗೆ, ಬಗ್ಗಿದವರ ಬೆನ್ನಿಗೆ, ಕುರ್ಚಿಯ ಹಿಂದೆ ಅಡಗಿದವರಿಗೆ. ಎಲೆಯ ಅಡಿಯಲ್ಲೇ ಹುಳ ಇರುವುದು. ಗಂಡಸರು ಕಿರುಚಿದರು. ಕುರ್ಚಿ ಮಗುಚಿದವು. ಬಾಗಿಲಿಗೆ ನುಗ್ಗಿದವರ ಮುಖಕ್ಕೆ ಕೋಲು ತಿರುಗಿತು. ನುಗ್ಗಿದವರು ಹಿಂದೆ ಬಿದ್ದರು. ಬದು ಸಾಹೇಬನ ಹಣೆಯಿಂದ ಬಿಳಿ ನೀರು ಇಳಿದು ಮೈಕಿಗೆ ತೊಟ್ಟಿಕ್ಕಿತು.

"ಔಷಧಿ! ಔಷಧಿ ಹೊಡೀತಿದ್ದಾಳೆ! ಹಿಡೀರಿ ಅವಳನ್ನ!"

ಯಾರೂ ಹಿಡಿಯಲಿಲ್ಲ. ಪಂಪು ಹೊತ್ತವಳ ಹತ್ತಿರ ಯಾವ ಗಂಡಸೂ ಯಾವತ್ತೂ ಹೋದದ್ದಿಲ್ಲ.

ಒಬ್ಬ ಕಣ್ಣುಜ್ಜಿಕೊಂಡ. ಬದು ಸಾಹೇಬ ಕೂಗಿದ. "ಉಜ್ಜಬೇಡಿ! ಕಣ್ಣು ಉಜ್ಜಬೇಡಿ! ಬರೀ ನೀರು ಹಾಕಿ, ಹಾಕ್ತಾನೇ ಇರಿ! ಬಟ್ಟೆ ತೆಗೀರಿ ಎಲ್ಲರೂ! ಒದ್ದೆ ಆಗಿರೋದೆಲ್ಲ ತೆಗೀರಿ! ತಲೆ ಮೇಲಿಂದ ಎಳೀಬೇಡಿ, ಮುಖಕ್ಕೆ ತಾಗುತ್ತೆ, ಗುಂಡಿ ಹರಿದು ತೆಗೀರಿ!"

ಗುಂಡಿಗಳು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

"ಬೆಲ್ಟು! ಸಾರ್, ನಿಮ್ಮ ಬೆಲ್ಟು ಬಿಚ್ಚಿ! ಚರ್ಮ ಅದು, ಔಷಧಿ ಹೀರ್ಕೊಳ್ಳುತ್ತೆ! ಚಪ್ಪಲಿ ಬಿಡಿ! ಸೋಪು ಎಲ್ಲಿ? ಸೋಪು ಹಾಕಿ ತೊಳೀಬೇಕು, ಉಗುರು ಸಂದಿ, ಕಿವಿ ಹಿಂದೆ, ಕೂದಲು! ಯಾರೂ ತುಟಿ ನೆಕ್ಕಬೇಡಿ! ಬಾಯಿಗೆ ಕೈ ಹಾಕಬೇಡಿ!"

ಕಿಟಕಿಯ ಸರಳುಗಳ ಆಚೆ ಹೆಂಗಸರ ಮುಖ. ಒಬ್ಬಳೂ ನಗುತ್ತಿರಲಿಲ್ಲ. ತುಟಿ ಅಲ್ಲಾಡುತ್ತಿದ್ದವು. ಕಲಿಯುವ ಮಕ್ಕಳ ತುಟಿಯಂತೆ, ಕೇಳಿದ್ದನ್ನು ಹಿಂದೆಯೇ ಹೇಳಿಕೊಳ್ಳುತ್ತಿದ್ದವು.

ದೊಡ್ಡ ಸಾಹೇಬರ ಹಲ್ಲು ಕಟಕಟ ಎನ್ನುತ್ತಿತ್ತು. ಮೇಜಿನ ಬಿಳಿ ಬಟ್ಟೆ ಎಳೆದು ಮೈಗೆ ಸುತ್ತಿಕೊಂಡರು.

"ಹೊದೀಬೇಡಿ ಸಾರ್!" ಬದು ಸಾಹೇಬ ಚೀರಿದ. ಬಟ್ಟೆಯನ್ನು ಕಿತ್ತೆಸೆದ. "ಒದ್ದೆ ಬಟ್ಟೆ ಮೇಲೆ ಏನೂ ಹೊದೀಬಾರ್ದು! ಚಳಿ ಆದ್ರೂ ಹೊದೀಬಾರ್ದು! ವಿಷ ಒಳಗೆ ಇಳಿಯುತ್ತೆ!"

ದೊಡ್ಡವಳ ಕೈ ಹಿಡಿಯ ಮೇಲೆ ನಿಂತಿತು.

ಅವನಿಗೆ ಗೊತ್ತಿತ್ತು. ಈ ಮಾತು ಅವನ ಬಾಯಲ್ಲಿ ಇಷ್ಟು ವರ್ಷ ಇತ್ತು. ಹೇಳಲು ಒಂದು ಉಸಿರು ಸಾಕಿತ್ತು. ಬದುವಿನಿಂದ ಒಂದು ಹೆಜ್ಜೆ ಕೆಳಗಿಳಿದಿದ್ದರೆ ಸಾಕಿತ್ತು. ಅವಳ ತೋಳಿಗೆ ಕಂಬಳಿಯೊಳಗೆ ನಡುಗುತ್ತಿದ್ದ ಗುಬ್ಬಿಯ ತೂಕ ಮತ್ತೆ ಬಂತು. ಎಷ್ಟು ಬಿಗಿಯಾಗಿ ಸುತ್ತಿದ್ದಳು. ಎಷ್ಟು ಪ್ರೀತಿಯಿಂದ.

ಮತ್ತೆ ಹಿಡಿ ಒತ್ತಿದಳು. ಈ ಸಲ ಅವನೊಬ್ಬನಿಗೇ ಹೊಡೆದಳು. ತಲೆಯಿಂದ ಕಾಲಿನವರೆಗೆ.

"ಯಾವ ಔಷಧಿ?" ಅವನು ಅಳುತ್ತ ಕೇಳಿದ. ಅಂಗಿ ಇರಲಿಲ್ಲ, ಪ್ಯಾಂಟು ಮೊಣಕಾಲಿಗೆ ಬಂದಿತ್ತು. "ಹೆಸರು ಹೇಳಮ್ಮ! ಡಾಕ್ಟರು ಮೊದಲು ಅದನ್ನೇ ಕೇಳೋದು! ಬಾಟ್ಲಿ ಮೇಲೆ ಬರೆದಿರುತ್ತೆ, ಬಾಟ್ಲಿ ಕೊಡು, ಆಸ್ಪತ್ರೆಗೆ ತಗೊಂಡು ಹೋಗ್ಬೇಕು!"

"ಕೆಂಪು ಮುಚ್ಚಳದ್ದು ಸಾರ್."

"ಹೆಸರು! ಹೆಸರು!"

"ನಮಗೇನು ಗೊತ್ತು? ರೈತರಿಗೆ ಹೇಳಿದ್ದೀರಂತಲ್ಲ. ಅವರನ್ನೇ ಕೇಳಿ."

ಬದು ಸಾಹೇಬ ಗಂಡಸರ ಕಡೆ ತಿರುಗಿದ. ಬರಿಮೈಯಲ್ಲಿ ನಿಂತ ಅಷ್ಟೂ ಜನ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನಿಗೂ ನೆನಪಿರಲಿಲ್ಲ.

ಮೈದುನ ಮಾತ್ರ ಬಟ್ಟೆ ಬಿಚ್ಚಿರಲಿಲ್ಲ. ಕಿಟ್ಟನ್ನು ಎದೆಗವಚಿಕೊಂಡು ನಿಂತಿದ್ದ. ಅವಳ ಭುಜವನ್ನೇ ನೋಡುತ್ತಿದ್ದ. ಪಟ್ಟಿಯ ಗಂಟುಗಳನ್ನು.

"ಅದು ಅವಳ ಪಂಪು," ಎಂದ.

"ಹೌದು," ಎಂದಳು ದೊಡ್ಡವಳು. ಅವನಿಗೂ ಹೊಡೆದಳು. ಅವನು ಕಣ್ಣು ಮುಚ್ಚಿಕೊಂಡ. ಕದಲಲಿಲ್ಲ.

ಆಮೇಲೆ ಕೋಲಿನ ತುದಿಯಿಂದ ಕಿಟಕಿಯ ಕಡೆ ತೋರಿಸಿದಳು. "ಸಾರ್, ಇನ್ನೊಂದು ಸಲ ಹೇಳಿ. ಹಿಂದೆ ನಿಂತವರಿಗೆ ಸರಿಯಾಗಿ ಕೇಳಿಸಲಿಲ್ಲ. ನಿಧಾನವಾಗಿ. ಮೊದಲಿಂದ."

"ನೀರಿನ ಹತ್ರ ಬಿಡು! ಸಾಯ್ತೀವಿ!"

"ಹೇಳಿದ್ರೆ ಬಿಡ್ತೀನಿ."

ಅವನು ಹೇಳಿದ. ನಡುಗುತ್ತ, ಜೊಲ್ಲು ಸುರಿಸುತ್ತ, ಒಂದನ್ನೂ ಬಿಡದೆ ಹೇಳಿದ. ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು. ಸುಡುವ ಬಿಸಿಲಲ್ಲಿ ಹೊಡೆಯಬಾರದು. ಸೋರುವ ಪಂಪು ಹೊರಬಾರದು. ಕಲಸಲು ಕೋಲು, ಕೈ ಅಲ್ಲ. ಮೂತಿ ಕಟ್ಟಿದರೆ ಬಾಯಲ್ಲಿ ಊದಬಾರದು, ಕಡ್ಡಿಯಿಂದ ಬಿಡಿಸಬೇಕು. ಹೊಡೆಯುವಾಗ ತೊಟ್ಟ ಬಟ್ಟೆ ಬೇರೆಯಾಗಿ ತೊಳೆಯಬೇಕು. ತಲೆ ಸುತ್ತಿದರೆ ಸಾಲು ಮುಗಿಸಬಾರದು, ಅಲ್ಲೇ ಬಿಟ್ಟು ಬರಬೇಕು. ಅವನು ಅಷ್ಟು ಚೆನ್ನಾಗಿ ಯಾವತ್ತೂ ಪಾಠ ಹೇಳಿರಲಿಲ್ಲ. ಕಿಟಕಿಯಲ್ಲಿ ಒಬ್ಬಳು ತನ್ನ ಬೆರಳನ್ನು ನೋಡಿಕೊಂಡಳು. ಇನ್ನೊಬ್ಬಳು ಸೆರಗಿನಿಂದ ಬಾಯಿ ಒರೆಸಿಕೊಂಡಳು, ಇಷ್ಟು ವರ್ಷದ ಊದಾಟವನ್ನು ಒಂದೇ ಸಲಕ್ಕೆ ಒರೆಸುವವಳಂತೆ.

ಅವನು ಹೇಳಿ ಮುಗಿಸಿದ ಮೇಲೆ ದೊಡ್ಡವಳು ಬಾಗಿಲು ಬಿಟ್ಟು ಸರಿದಳು. ಗಂಡಸರು ಡ್ರಮ್ಮಿನ ಮೇಲೆ ಬಿದ್ದರು. ದೊಡ್ಡ ಸಾಹೇಬರೂ ಬಿದ್ದರು, ಒಳಚಡ್ಡಿಯಲ್ಲಿ, ಸೋಪಿಗೆ ಕೈ ಚಾಚಿ.

ಟೀ ಅಕ್ಕ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ಖಾಲಿ ಪಾತ್ರೆ ಎತ್ತಿ ತೋರಿಸಿದಳು.

"ನಿಧಾನ, ನಿಧಾನ. ಯಾರೂ ಸಾಯಲ್ಲ. ನಿಮ್ಮ ಟೀಗೆ ಅಂತ ತಂದಿಟ್ಟಿದ್ದ ಹಾಲು ಅದು. ನೀರು ಜಾಸ್ತಿ ಬೆರೆಸಿದ್ದಾಳೆ, ಅಷ್ಟೇ. ಈವತ್ತು ಎಲ್ಲರಿಗೂ ಕರಿ ಟೀ."

ಡ್ರಮ್ಮಿನ ಸುತ್ತ ಕೈಗಳು ನಿಂತವು. ಒಬ್ಬ ತುಟಿ ನೆಕ್ಕಿ ನೋಡಿದ.

ಅವತ್ತು ದೊಡ್ಡವಳು ಬಾಟಲಿಯ ಮುಚ್ಚಳ ತೆಗೆದದ್ದು ನಿಜ. ಮತ್ತೆ ತಿರುಗಿಸಿ ಮುಚ್ಚಿದ್ದೂ ನಿಜ. ಕರುಣೆಯಿಂದ ಅಲ್ಲ. ಸತ್ತವರು ಮಾತಾಡುವುದಿಲ್ಲ. ಅವಳಿಗೆ ಅವರ ಬಾಯಿ ಬೇಕಿತ್ತು.

ಬದು ಸಾಹೇಬ ಪೊಲೀಸು, ಕೇಸು, ಜೈಲು ಎಂದು ಕೂಗಾಡಿದ. ದೊಡ್ಡ ಸಾಹೇಬರು ಪ್ಯಾಂಟು ಹುಡುಕಿ ಏರಿಸಿಕೊಂಡರು. "ಏನಂತ ಕಂಪ್ಲೇಂಟ್ ಕೊಡ್ತೀಯಾ?" ಎಂದರು. "ಹಾಲು ಹೊಡೆದಳು, ನಾವು ಬಟ್ಟೆ ಬಿಚ್ಚಿದೆವು ಅಂತಾನಾ? ಬಾಯಿ ಮುಚ್ಕೊಂಡು ಕಾರು ತರಿಸು." ಹೋಗುವ ಮುಂಚೆ ದೊಡ್ಡವಳ ಎದುರು ನಿಂತರು. ಅವಳ ಕಣ್ಣು ನೋಡಲಿಲ್ಲ. "ಮುಂದಿನ ಸಲದಿಂದ ಹೆಂಗಸರನ್ನೂ ಕರೀತೀವಿ."

"ಕರೀರಿ. ಬರ್ತೀವಿ. ಕುರ್ಚಿ ಮೇಲೆ ಕೂರ್ತೀವಿ," ಎಂದಳು ದೊಡ್ಡವಳು. "ಅಲ್ಲೀವರೆಗೆ ಯಾರಿಗೆ ಹೇಳಿದ್ದೀರೋ ಅವರೇ ಪಂಪು ಹೊರಲಿ."

ಅಂದು ಸಂಜೆ ಎಲ್ಲ ಮನೆಯ ಪಂಪುಗಳೂ ಅಂಗಳಕ್ಕೆ ಬಂದವು. ಹೆಂಗಸರು ತಂದಿಟ್ಟರು. ಬೈದರು ಗಂಡಂದಿರು. ಹೆಂಗಸರು ಬೈಸಿಕೊಂಡರು. ಎತ್ತಲಿಲ್ಲ. ಕೋಸಿನ ಹೊಲದಲ್ಲಿ ಹುಳ ತಿನ್ನುತ್ತಿತ್ತು.

ಬೆಳಿಗ್ಗೆ ಮೈದುನ ಜಗಲಿಯ ಮೇಲೆ ಗುಬ್ಬಿಯ ಪಂಪನ್ನು ಮುಂದಿಟ್ಟುಕೊಂಡು ಕೂತ. ಹೆಗಲಿಗೆ ಏರಿಸಲು ನೋಡಿದ. ಪಟ್ಟಿ ಮೊಣಕೈಗೇ ನಿಂತಿತು. ಗಂಟು ಬಿಚ್ಚಲು ಕೂತ. ಕಲ್ಲು. ಕುಡುಗೋಲಿಗೆ ಕೈ ಹಾಕಿದ.

"ಕತ್ತರಿಸಬೇಡ," ಎಂದಳು ದೊಡ್ಡವಳು, ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ. "ಅವಳು ಹಾಕಿದ್ದು. ಬಿಚ್ಚು."

ಅವನು ಕುಡುಗೋಲು ಕೆಳಗಿಟ್ಟ. ಉಗುರು ಹಾಕಿದ. ಜಾರಿತು. ಬಗ್ಗಿ ಪಟ್ಟಿಯನ್ನು ಎತ್ತಿದ, ಹಲ್ಲಿನಿಂದ ಕಚ್ಚಿ ಎಳೆಯಲು ಗಂಟನ್ನು ಬಾಯಿಯ ಹತ್ತಿರ ತಂದ.

ಮಗಳು ಅಮ್ಮನ ಮುಖ ನೋಡಿದಳು. ದೊಡ್ಡವಳ ಕೈ ಸೊಪ್ಪಿನ ಮೇಲೆ ನಿಂತಿತ್ತು. ಸುಮ್ಮನಿರಬಹುದಿತ್ತು. ತರಬೇತಿಯಿಂದ ಬಂದಾಗ ಅವನೂ ಸುಮ್ಮನಿದ್ದ.

"ಬಾಯಿ ಹಾಕಬೇಡ," ಎಂದಳು. "ಸಾಹೇಬ್ರು ಹೇಳಿದ್ದು ಕೇಳಿಸಲಿಲ್ವಾ? ಗವಸು ಹಾಕ್ಕೊಂಡು ಬಿಚ್ಚು. ಹೊಸದು ಕೊಟ್ಟಿದ್ದಾರಲ್ಲ."

ಅವನು ಒಳಗೆ ಹೋಗಿ ಕಿಟ್ಟು ತಂದ. ಮೊಣಕೈವರೆಗೆ ಹಸಿರು ಗವಸು ಏರಿಸಿದ. ದಪ್ಪ ರಬ್ಬರಿನ ಬೆರಳಿಗೆ ಆ ಸಣ್ಣ ಗಂಟು ಸಿಗುತ್ತಲೇ ಇರಲಿಲ್ಲ. ಬಿಸಿಲು ಅಂಗಳಕ್ಕೆ ಇಳಿಯಿತು. ಅವನು ಕಣ್ಣಿನಿಂದ ಇಳಿದದ್ದನ್ನು ಒರೆಸಿಕೊಳ್ಳಲು ಕೈ ಎತ್ತಿದ. ಗವಸು ನೆನಪಾಗಿ ಇಳಿಸಿದ.

"ಕೋಸು ಹೋಗುತ್ತಲ್ಲೇ," ಎಂದಳು ಅತ್ತೆ ಒಳಗಿನಿಂದ.

"ಹೋಗಲಿ," ಎಂದಳು ದೊಡ್ಡವಳು.

ಸೊಪ್ಪು ಬಿಡಿಸಿ ಮುಗಿದಿತ್ತು. ಅವಳು ಎದ್ದು ಹೋಗಲಿಲ್ಲ. ಒಂದೊಂದು ಗಂಟನ್ನೂ ನೋಡುತ್ತ ಕೂತಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.